ಮನೆಯ ಚಾವಡಿಗೆ ಎರಡು ಮೈಕು ಸಾಕು

ಮನೆಯಲ್ಲೇ ಧ್ವನಿಮುದ್ರಣ ಮಾಡಬೇಕೆಂದು ಹೊರಟವರು ಮೈಕಿನ ಜೊತೆಗೆ ಕೊಳ್ಳಲೇಬೇಕಾದ ಸಾಧನ ಆಡಿಯೋ ಇಂಟರ್‌ಫೇಸ್. ನಮ್ಮ ಕಡೆ ಅನೇಕರು ಅದನ್ನು ಸೌಂಡ್ ಕಾರ್ಡ್ ಎಂದೇ ಕರೆಯುತ್ತಾರೆ. ಮೈಕಿನಿಂದ ಬರುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಅದು ಮೊದಲು ಹಿಗ್ಗಿಸುತ್ತದೆ, ಆಮೇಲೆ ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್ ಒದಗಿಸುವುದೂ, ಹೆಡ್‌ಫೋನಿಗೆ ಧ್ವನಿ ಮರಳಿಸುವುದೂ ಅದರದೇ ಕೆಲಸ. ಇದನ್ನು ಆರಿಸುವ ಬಗ್ಗೆ ಹೊಸಬರಿಗೆ ಸಿಗುವ ಸಲಹೆ ಹೆಚ್ಚುಕಮ್ಮಿ ಒಂದೇ ಅಚ್ಚಿನದು. ಒಬ್ಬರೇ ಹಾಡುವುದಾದರೆ ಒಂದು ಮೈಕಿನದು ಸಾಕು, ನಾಲ್ಕು ಜನ ಸೇರಿ ನುಡಿಸುವುದಾದರೆ ನಾಲ್ಕು ಮೈಕಿನದು ಕೊಳ್ಳಿ, 192 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. ತಲೆಗೊಂದು ಮೈಕು, ಮೈಕಿಗೊಂದು ತೂತು ಎಂಬ ಈ ಲೆಕ್ಕ ಕೇಳಲು ಸರಿಯೆನಿಸುತ್ತದೆ. ಆದರೆ ಕಲ್ಲುಗುಂಡಿಯಂಥ ಊರಿನ ಮನೆಯೊಂದರಲ್ಲಿ ನಿಜವಾಗಿ ಏನನ್ನು ಮುದ್ರಿಸುತ್ತಾರೆ ಎಂದು ನೋಡಿದರೆ ಈ ಲೆಕ್ಕ ಎರಡು ತುದಿಯಲ್ಲೂ ತಪ್ಪುತ್ತದೆ. ಒಂದು ಮೈಕಿನದು ಕಡಿಮೆಯಾಗುತ್ತದೆ, ನಾಲ್ಕು ಮೈಕಿನದಕ್ಕೆ ಕೊಟ್ಟ ಹೆಚ್ಚಿನ ಹಣ ನೀರುಪಾಲಾಗುತ್ತದೆ.

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಳ್ಯ ದಾಟಿ, ಘಾಟಿ ಹತ್ತುವ ಮೊದಲು ಸಿಗುವ ಪೇಟೆ ಕಲ್ಲುಗುಂಡಿ. ಸಂಪಾಜೆ ಯಕ್ಷೋತ್ಸವದಿಂದಾಗಿ ಯಕ್ಷಗಾನದ ಭೂಪಟದಲ್ಲಿ ಅದಕ್ಕೊಂದು ಜಾಗವಿದೆ. ಅರೆಭಾಷೆ, ತುಳು, ಹವ್ಯಕ, ಮಲಯಾಳ, ಕನ್ನಡ ಎಲ್ಲವೂ ಕಿವಿಗೆ ಬೀಳುವ ಪ್ರದೇಶವಿದು. ಇಲ್ಲಿ ಮನೆ ಮುದ್ರಣ ಎಂದರೆ ಯಾವುದು? ಅರೆಭಾಷೆಯ ಹೊಸ ಹಾಡು, ತುಳು ಭಕ್ತಿಗೀತೆ, ಭಜನಾ ಮಂಡಳಿಯ ಅಭ್ಯಾಸ, ಅಜ್ಜಿಯ ಬಾಯಿಯ ಪಾಡ್ದನ, ಎಲ್ಲಕ್ಕಿಂತ ಮುಖ್ಯವಾಗಿ ಯಕ್ಷಗಾನದ ಪದ್ಯ ಮತ್ತು ತಾಳಮದ್ದಳೆ. ಅರ್ಥಗಾರಿಕೆಗೆ ಹೊಸ ದಾರಿ ತೋರಿದ ದೇರಾಜೆ ಸೀತಾರಾಮಯ್ಯನವರು ಇದೇ ತಾಲೂಕಿನ ಚೊಕ್ಕಾಡಿಯವರು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಅವರ ಕಾಲದ ನಂತರ ಹುಟ್ಟಿದವರೂ ಕೇಳುವಂತಾದದ್ದು ಕ್ಯಾಸೆಟ್ಟುಗಳಿಂದ. ಧ್ವನಿಯನ್ನು ಉಳಿಸಿಡುವ ಅಭ್ಯಾಸ ನಮಗೆ ಹೊಸದೇನಲ್ಲ. ಹೊಸದು ಸಾಧನ ಮಾತ್ರ. ಆದ್ದರಿಂದ ಸಾಧನವನ್ನು ನಮ್ಮ ಧ್ವನಿಯ ಕಡೆಯಿಂದ ನೋಡಿ ತೂಗಬೇಕು.

ಈಗ ಚಾಲ್ತಿಯಲ್ಲಿರುವ ಸಲಹೆಯ ಹಿಂದೆ ಒಂದು ಊಹೆ ಇದೆ. ಮನೆಯಲ್ಲಿ ಮುದ್ರಿಸುವವರು ಒಬ್ಬೊಬ್ಬರಾಗಿ, ಒಂದಾದ ಮೇಲೊಂದು ಪದರವಾಗಿ ಮುದ್ರಿಸುತ್ತಾರೆ ಎಂಬುದೇ ಆ ಊಹೆ. ಮೊದಲು ಗಿಟಾರು, ಆಮೇಲೆ ಅದನ್ನು ಕೇಳುತ್ತ ಹಾಡು, ಆಮೇಲೆ ಇನ್ನೊಂದು ವಾದ್ಯ, ಎಲ್ಲವನ್ನೂ ಹಿಡಿದು ನಿಲ್ಲಿಸಲು ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್. ಫೋಕಸ್‌ರೈಟ್ ಕಂಪೆನಿಯ ಸ್ಕಾರ್ಲೆಟ್ ಸೋಲೋವನ್ನು ನೋಡಿ. ಒಂದು ಮೈಕು, ಒಂದು ಗಿಟಾರು, ಅಷ್ಟಕ್ಕೇ ಹೊಲಿದ ಅಂಗಿಯದು. ಆಡಿಯಂಟ್ ಐಡಿ4 ಕೂಡ ಒಂದೇ ಮೈಕಿನದು. ಗಿಟಾರ್ ಹಿಡಿದು ಹಾಡುವವರಿಗೆ ಇವು ಒಳ್ಳೆಯ ಸಾಧನಗಳೇ. ಕರೋಕೆ ಟ್ರ್ಯಾಕಿನ ಮೇಲೆ ಅರೆಭಾಷೆ ಹಾಡು ಹಾಡಿ ಮುದ್ರಿಸುವವರಿಗೂ ಸದ್ಯಕ್ಕೆ ಸಾಕಾಗುತ್ತವೆ. ತೆಂಕುತಿಟ್ಟಿನ ಹಿಮ್ಮೇಳವನ್ನು ಹೀಗೆ ಪದರ ಪದರವಾಗಿ ಕಟ್ಟಲು ಹೋದರೆ ಮಾತ್ರ ಹಿಮ್ಮೇಳವೇ ಉಳಿಯುವುದಿಲ್ಲ. ಭಾಗವತರು ಜಾಗಟೆ ಹಿಡಿದು ಪದ್ಯ ಎತ್ತಿದಾಗ ಲಯ ಅವರ ಕೈಯಲ್ಲಿರುತ್ತದೆ. ಒಂದು ಸಾಲನ್ನು ಎಳೆಯುತ್ತಾರೆ, ಇನ್ನೊಂದನ್ನು ಬಿಗಿ ಮಾಡುತ್ತಾರೆ. ಮದ್ದಳೆಗಾರ ಆ ಉಸಿರನ್ನು ನೋಡಿಕೊಂಡೇ ಪೆಟ್ಟು ಹಾಕುತ್ತಾನೆ, ಅವನ ಪೆಟ್ಟಿನ ಹುರುಪು ಭಾಗವತರ ಮುಂದಿನ ಸಾಲನ್ನು ಏರಿಸುತ್ತದೆ. ಏರು ಪದಕ್ಕೆ ಚೆಂಡೆ ಸೇರಿಕೊಂಡ ಮೇಲಂತೂ ಮೂವರೂ ಒಬ್ಬರನ್ನೊಬ್ಬರು ನೂಕುತ್ತ ಹೋಗುತ್ತಾರೆ. ಇದನ್ನು ಮೆಟ್ರೊನೋಮಿಗೆ ಕಟ್ಟಿಹಾಕಿ, ಮೊದಲು ಹಾಡು ನಾಳೆ ಮದ್ದಳೆ ಎಂದು ಬಿಡಿಸಿದರೆ ಸಿಗುವುದು ತಪ್ಪಿಲ್ಲದ, ಜೀವವಿಲ್ಲದ ಸದ್ದು. ನಮ್ಮ ಮುದ್ರಣ ಒಂದೇ ಹೊತ್ತಿಗೆ, ಒಂದೇ ಕೋಣೆಯಲ್ಲಿ, ಎಲ್ಲರೂ ಕೂತು ಆಗಬೇಕಾದದ್ದು. ಒಂದು ಮೈಕಿನ ಸಾಧನ ಇಲ್ಲಿ ಸೋಲುವುದು ಈ ಕಾರಣಕ್ಕೆ. ಕಿವಿಗೆ ಎಡ ಬಲದ ಅರಿವು ಕೊಡುವ ಸ್ಟೀರಿಯೋ ಮುದ್ರಣವೂ ಅದರಿಂದ ಆಗುವುದಿಲ್ಲ, ಹಾಡಿಗೊಂದು ವಾದ್ಯಕ್ಕೊಂದು ಎಂದು ಹಂಚಿಕೊಳ್ಳುವುದೂ ಆಗುವುದಿಲ್ಲ.

ಹಾಗಿದ್ದರೆ ನಾಲ್ಕು ಜನ ಒಟ್ಟಿಗೆ ನುಡಿಸುವಾಗ ನಾಲ್ಕು ಮೈಕು ಇಡುವುದೇ ಸರಿಯಲ್ಲವೇ, ಆಮೇಲೆ ಒಂದೊಂದನ್ನೂ ಬೇಕಾದಂತೆ ಏರಿಸಿ ಇಳಿಸಬಹುದಲ್ಲ ಎಂದು ಕೇಳಬಹುದು. ಇದು ಬಲವಾದ ಆಕ್ಷೇಪ. ಉತ್ತರವನ್ನು ಲೆಕ್ಕದಲ್ಲೇ ಕೊಡಬೇಕು. ಹಲವು ಮೈಕು ಇಡುವವರು ಪಾಲಿಸುವ ಒಂದು ಹಳೆಯ ನಿಯಮವಿದೆ. ಮೈಕು ತನ್ನ ವಾದ್ಯದಿಂದ ಎಷ್ಟು ದೂರವಿದೆಯೋ ಅದರ ಮೂರು ಪಟ್ಟು ದೂರದಲ್ಲಿ ಪಕ್ಕದ ಮೈಕು ಇರಬೇಕು. ದೂರ ಮೂರು ಪಟ್ಟಾದರೆ ತೆರೆದ ಜಾಗದಲ್ಲಿ ಸದ್ದು ಸುಮಾರು 9.5 ಡೆಸಿಬೆಲ್ ತಗ್ಗುತ್ತದೆ. ಎಲ್ಲರೂ ಹೆಚ್ಚುಕಮ್ಮಿ ಒಂದೇ ಗಟ್ಟಿಯಲ್ಲಿ ನುಡಿಸುವ ಮೇಳದಲ್ಲಿ ಇಷ್ಟು ಅಂತರ ಸಾಕು. ಈಗ ಅಲ್ಲಿಗೆ ಚೆಂಡೆಯನ್ನು ತನ್ನಿ. ಅದು ಭಾಗವತರ ಕಂಠಕ್ಕಿಂತ 20 ಡೆಸಿಬೆಲ್ ಜೋರು ಎಂದಿಟ್ಟುಕೊಳ್ಳೋಣ. ಚೆಂಡೆಯ ಹತ್ತಿರ ನಿಂತವರಿಗೆ ಈ ಊಹೆ ಉತ್ಪ್ರೇಕ್ಷೆ ಎನಿಸಲಾರದು. ನಿಯಮ ಪಾಲಿಸಿಯೂ ಭಾಗವತರ ಮೈಕಿನಲ್ಲಿ ಚೆಂಡೆ ಅವರ ಧ್ವನಿಗಿಂತ 10 ಡೆಸಿಬೆಲ್ ಮೇಲೆಯೇ ಇರುತ್ತದೆ. ಮೈಕನ್ನು ಚೆಂಡೆಗೆ ಬೆನ್ನು ಮಾಡಿ ತಿರುಗಿಸಿದರೆ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಸಿಮೆಂಟು ಗೋಡೆ, ಟೈಲ್ಸು ನೆಲದ ಕೋಣೆಯಲ್ಲಿ ಗೋಡೆಗೆ ಬಡಿದು ಮರಳುವ ಸದ್ದು ಎಲ್ಲ ದಿಕ್ಕಿನಿಂದಲೂ ಮೈಕಿನೊಳಗೆ ಬೀಳುತ್ತದೆ. ಅಂದರೆ ನಾಲ್ಕು ಟ್ರ್ಯಾಕುಗಳು ಕೈಗೆ ಬಂದರೂ ನಾಲ್ಕರಲ್ಲೂ ಚೆಂಡೆಯೇ ಇರುತ್ತದೆ. ಹಾಡನ್ನು ಏರಿಸಿದರೆ ಚೆಂಡೆಯೂ ಏರುತ್ತದೆ. ಒಂದೇ ಪೆಟ್ಟು ಒಂದೊಂದು ಮೈಕಿಗೆ ಕೆಲವು ಮಿಲಿಸೆಕೆಂಡು ಹಿಂದೆ ಮುಂದೆ ತಲುಪುವುದರಿಂದ, ಟ್ರ್ಯಾಕುಗಳನ್ನು ಕೂಡಿಸಿದಾಗ ಚೆಂಡೆಯ ಧ್ವನಿ ಟೊಳ್ಳಾಗಿ, ತಗಡು ಬಡಿದಂತೆ ಕೇಳುತ್ತದೆ. ಬೇರೆಬೇರೆಯಾಗಿ ಹತೋಟಿ ಮಾಡುವ ಆಸೆಗೆ ಕೊಟ್ಟ ಹಣದಿಂದ ಹತೋಟಿ ಮಾತ್ರ ಸಿಗುವುದಿಲ್ಲ.

ಸಣ್ಣ ಕೋಣೆಯಲ್ಲಿ ಹದ ಹಿಡಿಯಬೇಕಾದದ್ದು ಜನರನ್ನು ಕೂರಿಸುವಾಗಲೇ. ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯೊಳಗೆ ಇದಕ್ಕಿಂತ ತುಸು ಕಡಿಮೆ. ಭಾಗವತರು ಮೈಕುಗಳಿಂದ 75 ಸೆಂಟಿಮೀಟರ್ ದೂರದಲ್ಲಿ, ಮದ್ದಳೆ ಅವರ ಪಕ್ಕದಲ್ಲೇ ತುಸು ಹಿಂದೆ, ಚೆಂಡೆ ಚಾವಡಿಯ ಆಚೆ ತುದಿಯಲ್ಲಿ ಅಥವಾ ಬಾಗಿಲಾಚೆ ಜಗಲಿಯಲ್ಲಿ ಮೂರು ಮೀಟರ್ ದೂರದಲ್ಲಿ ನಿಂತರೆ, ದೂರವೊಂದರಿಂದಲೇ ಹನ್ನೆರಡು ಡೆಸಿಬೆಲ್ ಹತ್ತಿರ ಸರಿದೂಗುತ್ತದೆ. ಒಂದು ಪದ್ಯ ಹಾಡಿಸಿ, ಹೆಡ್‌ಫೋನಿನಲ್ಲಿ ಕೇಳಿ, ಚೆಂಡೆಯವರನ್ನು ಒಂದೊಂದೇ ಹೆಜ್ಜೆ ಹಿಂದೆ ಕಳಿಸುತ್ತ ಮತ್ತೆ ಮತ್ತೆ ಕೇಳಿದರೆ ಉಳಿದದ್ದೂ ಹದಕ್ಕೆ ಬರುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಜೋಡಿಯಾಗಿ ಇಟ್ಟ ಎರಡು ಮೈಕು. ತಾಳಮದ್ದಳೆಯಲ್ಲೂ ಅಷ್ಟೆ. ನಾಲ್ಕೈದು ಅರ್ಥಧಾರಿಗಳು ಅರ್ಧಚಂದ್ರಾಕಾರದಲ್ಲಿ ಕೂತು ನಡುವೆ ಮೈಕಿನ ಜೋಡಿ ಇಟ್ಟರೆ ಯಾರ ಮಾತು ಯಾವ ಕಡೆಯಿಂದ ಬಂತು ಎಂಬುದೂ ಕೇಳುಗರಿಗೆ ತಿಳಿಯುತ್ತದೆ. ವಾದ ಏರಿದಾಗ ಒಬ್ಬರ ಮಾತನ್ನು ಇನ್ನೊಬ್ಬರು ಅಡ್ಡಗಟ್ಟುವ ಸೊಗಸು ಹಾಗೆಯೇ ಉಳಿಯುತ್ತದೆ. ಹಾಡುವವರು ತಮ್ಮ ಜಾಗದಲ್ಲಿ ಸಹಜವಾಗಿ ಕೂತಿರುವಾಗಲೇ ಮುದ್ರಿಸಬೇಕು ಎಂಬುದನ್ನು ಜಾನಪದದ ದೊಡ್ಡ ಕೆಲಸಗಳೂ ಹೇಳುತ್ತವೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಿಕೊಂಡದ್ದು ಬೆಳ್ತಂಗಡಿ ತಾಲೂಕಿನ ಮಾಚಾರಿನಲ್ಲಿ, ಹಾಡುಗಾರರ ಊರಿನಲ್ಲೇ.

ಇಷ್ಟನ್ನು ಒಪ್ಪಿದರೆ ಇಂಟರ್‌ಫೇಸನ್ನು ಅಳೆಯುವ ಅಳತೆಗೋಲೇ ಬದಲಾಗುತ್ತದೆ. ತೂತುಗಳ ಸಂಖ್ಯೆಯನ್ನು ಬಿಟ್ಟು ಒಂದೊಂದು ತೂತಿನ ಯೋಗ್ಯತೆ ಕೇಳಬೇಕಾಗುತ್ತದೆ. ಅದೇ ಎರಡು ಮೈಕು ಇವತ್ತು ಚೆಂಡೆಯ ಪೆಟ್ಟು ತಾಳಿಕೊಳ್ಳಬೇಕು, ನಾಳೆ ವಯಸ್ಸಾದವರೊಬ್ಬರ ಮೆಲುದನಿಯ ಪಾಡ್ದನ ಹಿಡಿಯಬೇಕು. ಹಾಗಾಗಿ ಸಂಕೇತವನ್ನು ಹಿಗ್ಗಿಸುವ ಭಾಗವಾದ ಪ್ರೀಆಂಪಿನ ಎರಡು ಕೊನೆಗಳೇ ನಮಗೆ ಮುಖ್ಯ. ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಪೂರ್ತಿ ಇಳಿಸಿದಾಗ ಎಷ್ಟು ಜೋರಿನ ಸಂಕೇತವನ್ನು ಅದು ಒಡೆಯದೆ ತಡೆದುಕೊಳ್ಳುತ್ತದೆ, ಪೂರ್ತಿ ಏರಿಸಿದಾಗ ಎಷ್ಟು ಸಣ್ಣದನ್ನು ಎತ್ತಬಲ್ಲದು? ಎರಡು ಮೈಕಿನ ಸ್ಕಾರ್ಲೆಟ್ 2ಐ2ರ ಎರಡು ತಲೆಮಾರುಗಳನ್ನು ಎದುರುಬದುರು ಇಟ್ಟು ನೋಡೋಣ. 2019ರಲ್ಲಿ ಬಂದ ಮೂರನೆಯದರ ಗೇನ್ ವ್ಯಾಪ್ತಿ 56 ಡೆಸಿಬೆಲ್, 2023ರಲ್ಲಿ ಬಂದ ನಾಲ್ಕನೆಯದರದು 69. ಮೇಲುನೋಟಕ್ಕೆ ಹೊಸದು 13 ಡೆಸಿಬೆಲ್ ಹೆಚ್ಚು ಎತ್ತುತ್ತದೆ ಎನಿಸುತ್ತದೆ. ಆದರೆ ಹಳೆಯದರ ಮೈಕ್ ಇನ್‌ಪುಟ್ಟಿನ ಮೇಲ್ಮಿತಿ 9 ಡಿಬಿಯು, ಅಂದರೆ ಸುಮಾರು 2.2 ವೋಲ್ಟ್. ಹೊಸದರದು 16 ಡಿಬಿಯು, ಸುಮಾರು 4.9 ವೋಲ್ಟ್. ಗೇನ್ ಎಣಿಕೆ ಶುರುವಾಗುವುದು ಆ ಮೇಲ್ಮಿತಿಯಿಂದ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಗೇನ್ ಪೂರ್ತಿ ಏರಿಸಿದಾಗ ಹಳೆಯದರ ಮೀಟರು ತುಂಬಲು ಸುಮಾರು 3.5 ಮಿಲಿವೋಲ್ಟ್ ಬೇಕು, ಹೊಸದಕ್ಕೆ 1.7 ಸಾಕು. ಮೆಲುದನಿಯ ಕಡೆ ಸಿಕ್ಕ ನಿಜವಾದ ಲಾಭ 6 ಡೆಸಿಬೆಲ್, ಉಳಿದ 7 ಡೆಸಿಬೆಲ್ ಜೋರಿನ ಕಡೆ ಸಂದಿದೆ. ಗೇನ್ ಅಂಕಿಯೊಂದನ್ನೇ ಹಿಡಿದು ಎರಡು ಸಾಧನಗಳನ್ನು ಹೋಲಿಸುವ ವಿಮರ್ಶೆಗಳನ್ನು ನಂಬಬಾರದು ಎನ್ನುವುದು ಇದಕ್ಕೇ.

ಇವು ಕಾಗದದ ಮೇಲಿನ ಅಂಕಿಗಳಷ್ಟೇ ಅಲ್ಲ ಎಂಬುದು ಮೈಕು ಸಿಕ್ಕಿಸಿದಾಗ ಗೊತ್ತಾಗುತ್ತದೆ. ರೋಡ್ ಎನ್‌ಟಿ1-ಎ ಎಂಬ ಹೆಸರಾಂತ ಕಂಡೆನ್ಸರ್ ಮೈಕು 94 ಡೆಸಿಬೆಲ್ ಸದ್ದಿಗೆ 25 ಮಿಲಿವೋಲ್ಟ್ ಕೊಡುತ್ತದೆ. ಅದರ ಮುಂದೆ ಚೆಂಡೆಯ ಪೆಟ್ಟೊಂದು ಕ್ಷಣಮಾತ್ರ 134 ಡೆಸಿಬೆಲ್ ಮುಟ್ಟಿದರೆ ಹೊರಬರುವುದು ಎರಡೂವರೆ ವೋಲ್ಟ್. ಮೈಕಿನ ಮಿತಿ 137 ಆದ್ದರಿಂದ ಮೈಕು ತಾಳಿಕೊಳ್ಳುತ್ತದೆ. 2.2 ವೋಲ್ಟಿನ ಇಂಟರ್‌ಫೇಸ್ ಗೇನ್ ಸೊನ್ನೆಗೆ ಇಳಿಸಿದರೂ ಒಡೆಯುತ್ತದೆ, 4.9 ವೋಲ್ಟಿನದು ಉಳಿಯುತ್ತದೆ. ಹಾಗೆ ಒಡೆದ ಪೆಟ್ಟನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಇನ್ನೊಂದು ಕೊನೆಯಲ್ಲಿ, 1966ರಿಂದ ವೇದಿಕೆಗಳ ಮೇಲೆ ದುಡಿಯುತ್ತಿರುವ ಶ್ಯೂರ್ ಎಸ್‌ಎಂ58 ಅದೇ 94 ಡೆಸಿಬೆಲ್‌ಗೆ ಕೊಡುವುದು 1.85 ಮಿಲಿವೋಲ್ಟ್ ಮಾತ್ರ. ಮೆಲ್ಲಗೆ ಹಾಡುವ ಧ್ವನಿ 74 ಡೆಸಿಬೆಲ್‌ನಲ್ಲಿ ಅದನ್ನು ತಲುಪಿದರೆ ಬರುವುದು ಅದರ ಹತ್ತನೇ ಒಂದು ಪಾಲು. ಇಲ್ಲಿ ಮೂರನೇ ತಲೆಮಾರಿನದು ಗೇನ್ ಪೂರ್ತಿ ಏರಿಸಿದರೂ ಮೀಟರಿನ ತುದಿಯಿಂದ 25 ಡೆಸಿಬೆಲ್ ಕೆಳಗೆ ನಿಲ್ಲುತ್ತದೆ. ಅದಕ್ಕೆ ಗಾಬರಿ ಬೇಡ. 24 ಬಿಟ್ಟಿನಲ್ಲಿ ಮುದ್ರಿಸಿದ್ದರೆ ಆಮೇಲೆ ಏರಿಸಬಹುದು. ಕೆಳಗಿನ ಕೊನೆಯಲ್ಲಿ ಕೊರತೆಯಾದರೆ ದಾರಿಯಿದೆ, ಮೇಲಿನ ಕೊನೆಯಲ್ಲಿ ಕೊರತೆಯಾದರೆ ಮೈಕನ್ನು ದೂರ ಸರಿಸಬೇಕಾಗುತ್ತದೆ. ಆದ್ದರಿಂದ ಚೆಂಡೆ ಇರುವ ಮನೆಯವರು ಮೊದಲು ನೋಡಬೇಕಾದ ಅಂಕಿ ಗರಿಷ್ಠ ಇನ್‌ಪುಟ್. ದುರದೃಷ್ಟಕ್ಕೆ ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವವರು ವಿರಳ, ಕಂಪೆನಿಯ ಕೈಪಿಡಿ ತೆರೆದು ಹುಡುಕಬೇಕು.

ಪ್ರೀಆಂಪಿನ ಸ್ವಂತ ಗದ್ದಲದ ಬಗ್ಗೆ ನಡೆಯುವ ವಾದಗಳಿಗೆ ಇಷ್ಟು ಮಹತ್ವ ಬೇಕಿಲ್ಲ. ಮೋಟು ಎಂ2 ಎಂಬ ಇನ್ನೊಂದು ಇಂಟರ್‌ಫೇಸಿನದು ಮೈನಸ್ 129 ಡಿಬಿಯು, ಸ್ಕಾರ್ಲೆಟ್‌ನದು 128, ಅದರ ಹೊಸ ತಲೆಮಾರಿನದು 127 ಎಂದು ಒಂದೊಂದು ಡೆಸಿಬೆಲ್‌ಗೆ ಜಗಳವಾಡುತ್ತಾರೆ. ಎಸ್‌ಎಂ58ರಂಥ ಮೆಲು ಸಂಕೇತದ ಮೈಕಿನಲ್ಲೂ ಮೈನಸ್ 128 ಎಂದರೆ ಕೋಣೆಯಲ್ಲಿ ಸುಮಾರು 18 ಡೆಸಿಬೆಲ್ ಸದ್ದು ಇದ್ದಂತೆ. ಘಾಟಿಗೆ ಮೊದಲು ಗೇರು ಬದಲಿಸುವ ಲಾರಿ, ಮಳೆಗಾಲದಲ್ಲಿ ಮಾಡಿನ ಮೇಲೆ ಸುರಿಯುವ ನೀರು, ಮಳೆ ನಿಂತ ರಾತ್ರಿಯ ಜೀರುಂಡೆ, ತುಂಬಿ ಹರಿಯುವ ಪಯಸ್ವಿನಿ, ಇವುಗಳ ನಡುವೆ ಇರುವ ಯಾವ ಮನೆಯೂ ಅಷ್ಟು ನಿಶ್ಶಬ್ದವಾಗಿರುವುದಿಲ್ಲ. 192 ಕಿಲೋಹರ್ಟ್ಸ್ ವಿಷಯವೂ ಬೇಗ ಮುಗಿಯುತ್ತದೆ. ಮನುಷ್ಯನ ಕಿವಿ ಕೇಳುವುದು 20 ಕಿಲೋಹರ್ಟ್ಸ್‌ವರೆಗೆ, ಅದನ್ನು ಹಿಡಿಯಲು 48 ಸಾಕು. 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ಲಿನ ಮುದ್ರಣ ಗಂಟೆಗೆ ಒಂದು ಜಿಬಿಯಷ್ಟಾಗುತ್ತದೆ. 192ರಲ್ಲಿ ಅದೇ ನಾಲ್ಕು ಜಿಬಿ ದಾಟುತ್ತದೆ. ಮೂರು ಗಂಟೆಯ ತಾಳಮದ್ದಳೆಗೆ ಹನ್ನೆರಡು ಜಿಬಿ ತುಂಬಿಸಿ ಕೇಳುಗನಿಗೆ ಸಿಗುವ ಹೆಚ್ಚಿನ ಸುಖ ಏನೂ ಇಲ್ಲ.

ಪಟ್ಟಣದ ಸಲಹೆಗಾರರು ಹಗುರವಾಗಿ ದಾಟಿಹೋಗುವ ಒಂದು ಗುಣ ಇಲ್ಲಿ ನಿರ್ಣಾಯಕವಾಗುತ್ತದೆ. ಇಂಟರ್‌ಫೇಸ್ ಯುಎಸ್‌ಬಿ ತಂತಿಯಿಂದಲೇ ಕರೆಂಟು ಪಡೆದು ನಡೆಯಬೇಕು. ಮಳೆ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ಘಟ್ಟದ ಬುಡದಲ್ಲಿ ಮಾಮೂಲು. ಬೇರೆ ಅಡಾಪ್ಟರ್ ಬೇಡುವ ದೊಡ್ಡ ಸಾಧನ ಆ ಕ್ಷಣಕ್ಕೆ ಸತ್ತುಹೋಗುತ್ತದೆ, ಸಣ್ಣದು ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಪದ್ಯ ಮುಗಿಯುವವರೆಗೆ ನಡೆಯುತ್ತದೆ. ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಲ್ಯಾಪ್‌ಟಾಪ್ ಚಾರ್ಜರಿನಿಂದ, ಇನ್ವರ್ಟರಿನಿಂದ ಗುಂಯ್ ಎನ್ನುವ ಸದ್ದು ಮುದ್ರಣದೊಳಗೆ ನುಸುಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಅದು ಹೆಚ್ಚಿನ ಸಂದರ್ಭಗಳಲ್ಲಿ ನಿಂತೇಹೋಗುತ್ತದೆ. ವಿಂಡೋಸ್ ಬಳಸುವವರು ಧ್ವನಿಯ ತಡ ಕಡಿಮೆ ಮಾಡುವ, ಕಂಪೆನಿಯೇ ಬರೆದ ಏಸಿಯೋ ಡ್ರೈವರ್ ಇದೆಯೇ ಎಂದೂ ನೋಡಿಕೊಳ್ಳಬೇಕು. ಹಾಡಿದ್ದು ಕಿವಿಗೆ ತಡವಾಗಿ ಬರುವ ತೊಂದರೆ ಕರೋಕೆಯವರಿಗೆ ಕಾಡುತ್ತದೆ, ಅದಕ್ಕೆ ಮೈಕಿನ ಧ್ವನಿಯನ್ನು ನೇರವಾಗಿ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಸ್ವಿಚ್ಚು ಇದ್ದರೆ ಆಯಿತು. ಹಿಮ್ಮೇಳದವರಿಗೆ ಆ ತೊಂದರೆಯೇ ಇಲ್ಲ. ಅವರು ಹೆಡ್‌ಫೋನ್ ಹಾಕದೆ ಪರಸ್ಪರ ಕೇಳಿಕೊಂಡೇ ನುಡಿಸುತ್ತಾರೆ.

ಮೊಬೈಲೇ ಸಾಲದೇ ಎನ್ನುವವರಿಗೂ ಉತ್ತರ ಹೇಳಬೇಕು. ನೆನಪಿಗೆ ಸಾಕು, ಉಳಿಸಿಡಲು ಸಾಲದು. ಮೊಬೈಲು ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಅರ್ಧ ಸಾಲು ಹೂತುಹೋಗಿ ಆಮೇಲೆ ಧ್ವನಿ ನಿಧಾನಕ್ಕೆ ಉಬ್ಬಿಕೊಂಡು ಮೇಲೆ ಬರುತ್ತದೆ. ಹಾಡಿನಲ್ಲಿ ಏರು ಎಲ್ಲಿ, ಇಳಿವು ಎಲ್ಲಿ ಎಂಬುದೇ ಅಳಿಸಿಹೋಗುತ್ತದೆ. ಮೊಬೈಲ್ ಲೈವ್‌ಗೆಂದು ಬಣ್ಣಬಣ್ಣದ ಗುಂಡಿ, ಚಪ್ಪಾಳೆ ಸದ್ದುಗಳ ಜೊತೆ ಮಾರುವ ಅಗ್ಗದ ಸೌಂಡ್ ಕಾರ್ಡುಗಳು ಬೇರೆ ಕೆಲಸಕ್ಕೆ ಮಾಡಿದವು, ಅವುಗಳಲ್ಲಿ ಹಣ ಹಾಕುವುದು ಬೇಡ. ಇನ್ನು ಝೂಮ್ ಯುಎಸಿ-232ರಂಥ 32 ಬಿಟ್ ಫ್ಲೋಟ್ ಸಾಧನಗಳು ಗೇನ್ ಗುಂಡಿಯನ್ನೇ ತೆಗೆದುಹಾಕಿವೆ. ಸಾಧನದ ಗರಿಷ್ಠ ಇನ್‌ಪುಟ್ ಮೀರದಿದ್ದರೆ ಎಷ್ಟು ಜೋರಾದದ್ದನ್ನೂ ಆಮೇಲೆ ಇಳಿಸಿಕೊಳ್ಳಬಹುದು. ಚೆಂಡೆಯ ಮಟ್ಟಿಗೆ ಇದು ನಿಜವಾದ ಸುಧಾರಣೆ, ಕೈಗೆಟುಕಿದರೆ ಕೊಳ್ಳಲು ಅಡ್ಡಿಯಿಲ್ಲ. ಮೈಕೇ ಒಡೆದರೆ ಅದೂ ಕೈಚೆಲ್ಲುತ್ತದೆ ಎಂಬುದು ನೆನಪಿರಲಿ.

ಮುಂದೆ ದೊಡ್ಡ ಮೇಳವನ್ನೇ ಮುದ್ರಿಸುವ ಸಂದರ್ಭ ಬಂದರೆ ಏನು ಗತಿ ಎಂಬುದು ಕೊನೆಯ ಆಕ್ಷೇಪ. ಸಾರ್ವಜನಿಕ ಕೂಟದಲ್ಲಿ ಅರ್ಥಧಾರಿಗಳಿಗೆಲ್ಲ ಒಂದೊಂದು ಮೈಕು ಇರುತ್ತದೆ, ಅವೆಲ್ಲ ಧ್ವನಿವರ್ಧಕದವರ ಮಿಕ್ಸರಿಗೆ ಹೋಗುತ್ತವೆ. ಆ ಮಿಕ್ಸರಿನ ಎಡ ಬಲ ಔಟ್‌ಪುಟ್ಟನ್ನು ನಮ್ಮ ಎರಡು ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಕೆಲಸ ಆಗುತ್ತದೆ. ಪ್ರತಿಯೊಬ್ಬರದೂ ಬೇರೆ ಟ್ರ್ಯಾಕು ಬೇಕೇಬೇಕು ಎನ್ನುವ ವೃತ್ತಿಯವರಿಗೆ ಎಂಟು ಮೈಕಿನ ಸಾಧನ ಬೇಕು, ನಾಲ್ಕರದು ಅಲ್ಲಿಗೂ ಸಾಲದು. ಹಾಗಾಗಿ ಮೊದಲ ಕೊಳ್ಳುವಿಕೆಯಾಗಿ ನಾಲ್ಕು ಮೈಕಿನ ಇಂಟರ್‌ಫೇಸ್ ನಮ್ಮ ಮನೆಗಳಿಗೆ ಹೊಂದದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆರಿಂಜರ್ ಯುಎಂಸಿ202ಎಚ್‌ಡಿಯಂಥ ಅಗ್ಗದ್ದರಿಂದ ಹಿಡಿದು ಮೋಟು ಎಂ2, ಸ್ಕಾರ್ಲೆಟ್ 2ಐ2ವರೆಗೆ ಎರಡು ಮೈಕಿನ ಸಾಲಿನಲ್ಲಿ ಯಾವುದನ್ನು ಆರಿಸಿದರೂ ಉಳಿದ ಹಣಕ್ಕೆ ಅದೇ ಮಾದರಿಯ ಎರಡನೇ ಮೈಕು, ಎರಡು ಗಟ್ಟಿ ಸ್ಟ್ಯಾಂಡು, ಒಳ್ಳೆಯ ಕೇಬಲ್ಲು ಕೊಳ್ಳಿ. ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿ, ನೆಲಕ್ಕೆ ಚಾಪೆ, ಜಮಖಾನ ಹಾಸಿ. ಮಳೆಗಾಲದಲ್ಲಿ ಮೈಕುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಸುಳ್ಯ, ಪುತ್ತೂರು, ಮಂಗಳೂರು ಎಲ್ಲಿ ಕೊಂಡರೂ ನಿಮ್ಮ ಲ್ಯಾಪ್‌ಟಾಪ್, ಮೈಕು, ಹೆಡ್‌ಫೋನು ಜೊತೆಗೊಯ್ಯಿರಿ. ಮೈಕು ಸಿಕ್ಕಿಸಿ, ಗೇನ್ ಪೂರ್ತಿ ಏರಿಸಿ ಸುಮ್ಮನೆ ನಿಂತು ಕೇಳಿ. ಆಮೇಲೆ ಪೂರ್ತಿ ಇಳಿಸಿ, ಮೈಕಿನ ಹತ್ತಿರ ಜೋರಾಗಿ ಚಪ್ಪಾಳೆ ತಟ್ಟಿ, ಕೆಂಪು ದೀಪ ಹತ್ತುತ್ತದೆಯೇ ನೋಡಿ. ಇಷ್ಟು ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ, ಮತ್ತು ವಾರಂಟಿಯ ಬಿಲ್ಲು ಪಡೆಯದೆ ಹೊರಬರಬೇಡಿ.